ತಿರುವಿನಲ್ಲಿ ದೆವ್ವ ಇದೆ ಅಂತಾರೆ, ಹೋಮ ಮಾಡಿಸಬೇಕಾ?

ಪ್ರಶ್ನೆ: ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ. ಊರಿಂದ ಸ್ವಲ್ಪ ದೂರದಲ್ಲಿ ರಾಜ್ಯ ಹೆದ್ದಾರಿಗೆ ಒಂದು ತಿರುವಿದೆ, ಹುಣಸೇಮರದ ತಿರುವು ಅಂತಾರೆ. ಮೂರು ವರ್ಷದಲ್ಲಿ ಅಲ್ಲಿ ಎಂಟು ಅಪಘಾತ ಆಗಿ ಐದು ಜನ ತೀರಿಕೊಂಡರು. ಕೊನೆಯವನು ನನ್ನ ಮೈದುನನ ಮಗ. ಅವನ ಹಿಂದೆ ಕೂತಿದ್ದ ಹುಡುಗ ಬದುಕಿದ. ‘ಯಾರೋ ಹ್ಯಾಂಡಲ್ ಹಿಡಿದು ಎಳೆದ ಹಾಗಾಯಿತು’ ಅಂತ ಹೇಳುತ್ತಾನೆ. ಅದಕ್ಕೂ ಮೊದಲು ಒಬ್ಬ ಲಾರಿ ಡ್ರೈವರ್ ಬೆಳಗಿನ ಜಾವ ಬಿಳಿ ಸೀರೆಯ ಹೆಂಗಸು ಅಡ್ಡ ಬಂದಳು ಅಂದಿದ್ದ. ಎಷ್ಟೋ ವರ್ಷದ ಹಿಂದೆ ಅಲ್ಲಿ ಬಸ್ಸಿಗೆ ಸಿಕ್ಕಿ ಸತ್ತ ನಮ್ಮೂರಿನ ಹುಡುಗಿಯೇ ಹೀಗೆ ಕಾಡುತ್ತಿದ್ದಾಳೆ ಅಂತ ಊರವರ ಮಾತು. ಆ ಹುಡುಗಿಯ ತಾಯಿ ಇಲ್ಲೇ ಇದ್ದಾರೆ. ಈಗ ಅವರ ಮನೆ ಮುಂದೆ ಹೋಗಲೂ ಜನ ಹಿಂಜರಿಯುತ್ತಾರೆ.

ಪಕ್ಕದೂರಿನ ಶಾಸ್ತ್ರ ಹೇಳುವವರು ಅಮಾವಾಸ್ಯೆ ರಾತ್ರಿ ತಿರುವಿನಲ್ಲೇ ಹೋಮ ಮಾಡಿ ದಿಗ್ಬಂಧನ ಹಾಕಬೇಕು, 75 ಸಾವಿರ ಆಗುತ್ತೆ ಅಂದಿದ್ದಾರೆ. ಮಾಡಿಸದಿದ್ದರೆ ಮುಂದಿನ ಬಲಿಯೂ ಇದೇ ಊರಿನ ಗಂಡುಮಗನಂತೆ. ನನ್ನ ಮಗ ಫ್ಯಾಕ್ಟರಿಯಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ ರಾತ್ರಿ ಹನ್ನೊಂದರ ಮೇಲೆ ಬೈಕಿನಲ್ಲಿ ಅದೇ ದಾರಿಯಲ್ಲಿ ಬರುತ್ತಾನೆ. ಅವನು ಬರುವ ತನಕ ನನಗೆ ನಿದ್ದೆ ಇಲ್ಲ. ಬೈಕಿಗೆ ತಾಯಿತ ಕಟ್ಟಿಸಿದ್ದೇನೆ. ರಾಹುಕಾಲದಲ್ಲಿ ಹೊರಡಬೇಡ ಅಂತ ಹೇಳುತ್ತೇನೆ. ಕೆರೆ ಏರಿ ಮೇಲೆ ಇನ್ನೊಂದು ದಾರಿ ಇದೆ, ಒಂಬತ್ತು ಕಿಲೋಮೀಟರ್ ಸುತ್ತು. ಆ ಕಡೆಯಿಂದ ಬಾ ಅನ್ನಲಾ? ಹೋಮಕ್ಕೆ ದುಡ್ಡು ಕೊಡಲಾ? ನಾನು ದೇವರನ್ನು ನಂಬುವವಳು. ನನ್ನ ನಂಬಿಕೆಯನ್ನು ಹೀಯಾಳಿಸದೆ ಉತ್ತರ ಕೊಡಿ.

ಉತ್ತರ: ತಾಯೀ, ಹೀಯಾಳಿಸುವ ಮಾತೇ ಇಲ್ಲ. ನಾನು ರಸ್ತೆ ಸುರಕ್ಷತೆಯ ಇಂಜಿನಿಯರ್. ಅಪಘಾತ ಆದ ಜಾಗಕ್ಕೆ ಹೋಗಿ, ನಡೆದು, ಅಳೆದು, ಯಾಕಾಯಿತು ಅಂತ ಬರೆದು ಕೊಡುವುದು ನನ್ನ ಕೆಲಸ. ದೆವ್ವ ಇದೆ ಅಂತ ಊರವರು ತೋರಿಸಿದ ತಿರುವುಗಳಿಗೂ ಹೋಗಿದ್ದೇನೆ. ನಾನು ಕಂಡಂತೆ ಅಂಥ ಜಾಗದ ಬಗ್ಗೆ ಜನ ಸುಮ್ನೆ ಹೇಳಿರುವುದಿಲ್ಲ. ಅಲ್ಲಿ ಏನೋ ಸರಿ ಇಲ್ಲ ಅನ್ನುವುದು ಹೆಚ್ಚಿನ ಸಲ ನಿಜವೇ ಆಗಿರುತ್ತೆ. ಜಾಗವನ್ನು ಊರು ಸರಿಯಾಗಿ ಗುರುತಿಸಿರುತ್ತೆ, ಕಾರಣವನ್ನು ಮಾತ್ರ ತಪ್ಪಾಗಿ ಹೇಳಿರುತ್ತೆ. ನಿಮ್ಮ ಭಯ ಹುಸಿಯಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಎಂಟು ಅಪಘಾತ, ಐದು ಸಾವು ಅಂದರೆ ಯಾವ ತಾಯಿಗೆ ನಿದ್ದೆ ಬಂದೀತು?

ಮೊದಲು ‘ಹ್ಯಾಂಡಲ್ ಎಳೆದ ಹಾಗಾಯಿತು’ ಅನ್ನುವ ಮಾತನ್ನು ನೋಡೋಣ. ನಿಮ್ಮ ಪತ್ರದಲ್ಲಿ ನನಗೆ ಬಹಳ ಮುಖ್ಯ ಅನ್ನಿಸಿದ್ದು ಅದೇ. ಆ ಹುಡುಗ ಸುಳ್ಳು ಹೇಳುತ್ತಿಲ್ಲ. ಬೈಕಿನಿಂದ ಬಿದ್ದು ಬದುಕಿದವರ ಬಾಯಲ್ಲಿ ಈ ಮಾತನ್ನು ಬೇರೆ ಕಡೆಯೂ ಕೇಳಿದ್ದೇನೆ. ನಮ್ಮ ರಸ್ತೆಗಳಿಗೆ ಡಾಂಬರಿನ ಮೇಲೆ ಡಾಂಬರು ಹಾಕುತ್ತಾ ಹೋಗುತ್ತಾರೆ. ಪಕ್ಕದ ಮಣ್ಣು ಹಾಗೇ ಉಳಿಯುತ್ತೆ, ಮಳೆಗೆ ಇನ್ನಷ್ಟು ಕೊಚ್ಚಿ ಹೋಗುತ್ತೆ. ಕೊನೆಗೆ ಡಾಂಬರಿನ ಅಂಚು ಮಣ್ಣಿಗಿಂತ ನಾಲ್ಕು ಬೆರಳು, ಕೆಲವು ಕಡೆ ಒಂದು ಗೇಣು ಎತ್ತರವಾಗಿ ಮೆಟ್ಟಿಲಿನಂತೆ ನಿಲ್ಲುತ್ತೆ. ಎದುರಿಂದ ಲಾರಿ ಬಂತು ಅಂತ ಬೈಕಿನವನು ಅಂಚಿಗೆ ಸರಿಯುತ್ತಾನೆ. ಮುಂದಿನ ಚಕ್ರ ಕೆಳಕ್ಕೆ ಇಳಿಯುತ್ತೆ. ಗಾಬರಿಯಲ್ಲಿ ಮೇಲಕ್ಕೆ ಎಳೆಯುತ್ತಾನೆ. ಟೈರಿನ ಪಕ್ಕ ಆ ಮೆಟ್ಟಿಲಿಗೆ ಉಜ್ಜಿಕೊಂಡು ಸ್ವಲ್ಪ ಹೊತ್ತು ಏರುವುದೇ ಇಲ್ಲ. ಇನ್ನೂ ಜೋರಾಗಿ ತಿರುಗಿಸಿದಾಗ ಒಂದೇ ಸಲಕ್ಕೆ ಹತ್ತಿಬಿಡುತ್ತೆ. ಆಗ ತಿರುಗಿಸಿದ ಹ್ಯಾಂಡಲ್ ಬೈಕನ್ನು ರಸ್ತೆಯ ಆ ಬದಿಗೆ ಒಗೆಯುತ್ತೆ. ಕೂತವನಿಗೆ ಅದು ಯಾರೋ ಎಳೆದ ಹಾಗೇ ಅನ್ನಿಸುತ್ತೆ. ಎಳೆದದ್ದು ಆ ನಾಲ್ಕು ಬೆರಳಿನ ಅಂಚು.

ಇನ್ನೊಂದು ಕಾರಣವೂ ಇರಬಹುದು. ತಿರುವಿನಲ್ಲಿ ರಸ್ತೆಯ ಹೊರಬದಿ ಎತ್ತರವಾಗಿ, ಒಳಬದಿ ತಗ್ಗಾಗಿ ಇರಬೇಕು. ಬಯಲು ಸೀಮೆಯಲ್ಲಿ ಈ ಓರೆ ನೂರು ಅಡಿ ಅಗಲಕ್ಕೆ ಏಳು ಅಡಿಯ ಲೆಕ್ಕದವರೆಗೆ ಇರಬಹುದು ಅಂತ ನಮ್ಮ ನಿಯಮ ಹೇಳುತ್ತೆ. ಗಾಡಿಯನ್ನು ಒಳಕ್ಕೆ ಹಿಡಿದುಕೊಳ್ಳುವುದು ಆ ಓರೆಯೇ. ಮರುಡಾಂಬರು ಹಾಕುವಾಗ ಇದನ್ನು ನೋಡಿಕೊಳ್ಳದಿದ್ದರೆ ತಿರುವು ಮಟ್ಟಸವಾಗುತ್ತೆ, ಒಮ್ಮೊಮ್ಮೆ ಓರೆ ತಲೆಕೆಳಗಾಗಿಯೇ ಬಿಡುತ್ತೆ. ಆಗ ಗಾಡಿ ತಾನಾಗಿ ಹೊರಕ್ಕೆ ಜಾರುತ್ತೆ. ಇದನ್ನು ನೀವೇ ನೋಡಬಹುದು. ಮಳೆ ನಿಂತ ಮೇಲೆ ನೀರು ಯಾವ ಕಡೆ ಹರಿಯುತ್ತೆ ಗಮನಿಸಿ. ತಿರುವಿನ ಹೊರಬದಿಗೆ, ಅಂದರೆ ಹುಣಸೇಮರದ ಕಡೆಗೆ ಹರಿದರೆ ಓರೆ ತಪ್ಪಿದೆ ಅಂತಲೇ ಅರ್ಥ.

ವೇಗ ಸೇರಿದರೆ ಇದೆಲ್ಲ ಬೆಳೆಯುತ್ತೆ. ತಿರುವಿನಲ್ಲಿ ಗಾಡಿಯನ್ನು ಹೊರಕ್ಕೆ ತಳ್ಳುವ ಬಲ ವೇಗದ ಜೊತೆ ಒಂದೇ ಸಮನೆ ಏರುವುದಿಲ್ಲ. 40ರಲ್ಲಿ ಇದ್ದದ್ದು 60ಕ್ಕೆ ಎರಡು ಪಟ್ಟು ದಾಟುತ್ತೆ, 80ಕ್ಕೆ ನಾಲ್ಕು ಪಟ್ಟು. ದಿನಾ 40ರಲ್ಲಿ ಆರಾಮಾಗಿ ತಿರುಗುವವನಿಗೆ 60ರಲ್ಲಿ ಅದೇ ತಿರುವು ಬೇರೆಯೇ ತಿರುವು.

ಈಗ ಬಿಳಿ ಸೀರೆಯ ಹೆಂಗಸು. ಲಾರಿ ಡ್ರೈವರ್ ಕಂಡದ್ದು ಬೆಳಗಿನ ಜಾವ ಅಂತ ಬರೆದಿದ್ದೀರಿ. ರಾತ್ರಿ ಎರಡರಿಂದ ಐದರವರೆಗೆ ಮನುಷ್ಯನ ದೇಹ ನಿದ್ದೆ ಬೇಕು ಅಂತ ಹಟ ಹಿಡಿಯುವ ಹೊತ್ತು. ಕಣ್ಣು ತೆರೆದೇ ಇರುತ್ತೆ, ಮಿದುಳು ಮೂರು ನಾಲ್ಕು ಸೆಕೆಂಡು ನಿದ್ದೆಗೆ ಜಾರುತ್ತೆ. 80ರ ವೇಗದಲ್ಲಿ ಮೂರು ಸೆಕೆಂಡಿಗೆ ಲಾರಿ 65 ಮೀಟರಿಗಿಂತ ಜಾಸ್ತಿ ಹೋಗಿರುತ್ತೆ. ಆ ಅರೆನಿದ್ದೆಯಲ್ಲಿ ಕನಸಿನ ಚೂರು ಎಚ್ಚರದ ಜೊತೆ ಬೆರೆಯುತ್ತೆ. ಎದುರಿಗೆ ಯಾರೋ ನಿಂತ ಹಾಗೆ, ದಾಟಿದ ಹಾಗೆ ಕಾಣುವುದು ರಾತ್ರಿ ಗಾಡಿ ಓಡಿಸುವವರಿಗೆ ಗೊತ್ತಿರುವ ಅನುಭವ. ಅವರಲ್ಲಿ ಕೆಲವರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ನಿದ್ದೆ ಬಂತು ಅಂದರೆ ಕೆಲಸ ಹೋಗುತ್ತೆ ಅನ್ನುವ ಹೆದರಿಕೆ. ಆ ಡ್ರೈವರ್ ಬೇಕಂತಲೇ ಕಥೆ ಕಟ್ಟಿದ ಅಂತ ನಾನು ಹೇಳುವುದಿಲ್ಲ. ಅವನಿಗೆ ಕಂಡಿದೆ. ಆದರೆ ಅದು ರಸ್ತೆಯ ಮೇಲೆ ಇರಲಿಲ್ಲ.

ಇನ್ನೂ ಒಂದು ಸಾಧ್ಯತೆ ಇದೆ, ಅದನ್ನು ರಾತ್ರಿ ಹೋಗಿ ಪರೀಕ್ಷೆ ಮಾಡಬಹುದು. ನಮ್ಮಲ್ಲಿ ರಸ್ತೆ ಬದಿಯ ಮರಗಳ ಬುಡಕ್ಕೆ ಬಿಳಿ ಮತ್ತು ಕೆಂಪುಮಣ್ಣಿನ ಬಣ್ಣದ ಪಟ್ಟಿ ಬಳಿಯುತ್ತಾರೆ. ತಿರುವಿನಲ್ಲಿ ಹೆಡ್‌ಲೈಟ್ ರಸ್ತೆಯ ಜೊತೆ ತಿರುಗುವುದಿಲ್ಲ, ನೇರಕ್ಕೆ ಮರದ ಮೇಲೆ ಬೀಳುತ್ತೆ. ಗಾಡಿ ತಿರುಗುತ್ತಿದ್ದ ಹಾಗೆ ಆ ಬಿಳಿ ಪಟ್ಟಿ ಬೆಳಕಿಗೆ ಬಂದು, ಸರಿದು, ಮಾಯವಾಗುತ್ತೆ. ಮಂಜು ಇದ್ದರಂತೂ ಆಳೆತ್ತರದ ಬಿಳಿ ಆಕಾರ ರಸ್ತೆ ದಾಟಿದ ಹಾಗೇ ಇರುತ್ತೆ. ಊರಿನ ಹಿರಿಯರನ್ನು ಜೀಪಿನಲ್ಲಿ ಕೂರಿಸಿಕೊಂಡು ಇದನ್ನು ತೋರಿಸಿದ್ದೇನೆ. ನೋಡಿದ ಮೇಲೆ ವಾದ ಮಾಡುವ ಕೆಲಸ ಉಳಿಯುವುದಿಲ್ಲ.

ರಾಹುಕಾಲದ ಮಾತಿಗೆ ಬರುತ್ತೇನೆ. ಸೂರ್ಯ ಹುಟ್ಟಿ ಮುಳುಗುವ ಹೊತ್ತನ್ನು ಎಂಟು ಪಾಲು ಮಾಡಿ, ವಾರಕ್ಕೆ ತಕ್ಕಂತೆ ಒಂದು ಪಾಲನ್ನು ರಾಹುಕಾಲ ಅನ್ನುತ್ತಾರೆ. ಸೋಮವಾರ ಬೆಳಿಗ್ಗೆ ಏಳೂವರೆಯಿಂದ ಒಂಬತ್ತು, ಭಾನುವಾರ ಸಂಜೆ ನಾಲ್ಕೂವರೆಯಿಂದ ಆರು, ಹೀಗೆ. ನಾವು ಕ್ಯಾಲೆಂಡರಿನಲ್ಲಿ ನೋಡಿ ಪಾಲಿಸುವ ರಾಹುಕಾಲ ಹಗಲಿನದೇ. ಕೇಂದ್ರ ಸಾರಿಗೆ ಸಚಿವಾಲಯದ ವರದಿಗಳಲ್ಲಿ ಅಪಘಾತ ಅತಿ ಹೆಚ್ಚು ಆಗುವುದು ಸಂಜೆ ಆರರಿಂದ ರಾತ್ರಿ ಒಂಬತ್ತರೊಳಗೆ. ಒಟ್ಟು ಅಪಘಾತದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಆ ಮೂರೇ ಗಂಟೆಯಲ್ಲಿ ಆಗುತ್ತೆ. ಆ ಹೊತ್ತಿಗೆ ರಾಹುಕಾಲ ಮುಗಿದೇ ಹೋಗಿರುತ್ತೆ. ನಿಮ್ಮ ಮಗನಿಗಂತೂ ಅದರಿಂದ ಇನ್ನೊಂದು ತೊಂದರೆ ಇದೆ. ಮಧ್ಯಾಹ್ನದ ಶಿಫ್ಟಿಗೆ ಹೊರಡುವವನು ಮಂಗಳವಾರ ಮೂರಕ್ಕೋ ಗುರುವಾರ ಒಂದೂವರೆಗೋ ಶುರುವಾಗುವ ರಾಹುಕಾಲವನ್ನು ತಪ್ಪಿಸಬೇಕು. ಒಂದೋ ಬೇಗ ಹೊರಡಬೇಕು, ಇಲ್ಲ ತಡಮಾಡಿ ಆಮೇಲೆ ಅಟ್ಟಿಸಿಕೊಂಡು ಹೋಗಬೇಕು. ಬೇಗ ಹೊರಟರೆ ನನ್ನದೇನೂ ಅಭ್ಯಂತರ ಇಲ್ಲ. ತಡವಾಗಿ ಹೊರಟು ಬೈಕ್ ಓಡಿಸುವುದು ಮಾತ್ರ ಬೇಡ.

ತಾಯಿತ ಇರಲಿ, ನಿಮಗೆ ಸಮಾಧಾನ ಆಗುತ್ತೆ ಅಂದರೆ ತೆಗೆಸಬೇಡಿ. ಹ್ಯಾಂಡಲ್ ತಿರುಗುವ ಜಾಗದಲ್ಲಿ, ಕ್ಲಚ್ ಬ್ರೇಕಿನ ತಂತಿಗೆ ಸುತ್ತಿಕೊಳ್ಳುವ ಹಾಗೆ, ಹೆಡ್‌ಲೈಟಿಗೆ ಅಡ್ಡವಾಗಿ ಕಟ್ಟಬೇಡಿ ಅಷ್ಟೇ. ನಿಂಬೆಹಣ್ಣು ಮೆಣಸಿನಕಾಯಿ ಸರವೂ ಅಷ್ಟೆ.

ಇಲ್ಲಿ ಒಂದು ಮಾತು ಹೇಳಬೇಕು, ಇದನ್ನು ಇಂಜಿನಿಯರುಗಳ ಸಭೆಯಲ್ಲೂ ಹೇಳಿದ್ದೇನೆ. ದೆವ್ವದ ಕಥೆ ಹಳ್ಳಿಯವರದ್ದು. ಸರ್ಕಾರಿ ಕಾಗದದಲ್ಲೂ ಅಂಥದ್ದೇ ಒಂದು ಕಥೆ ಇದೆ. ಎಫ್‌ಐಆರ್ ತೆಗೆದು ನೋಡಿ, ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿ’ ಅಂತ ಇರುತ್ತೆ. ದೇಶದಲ್ಲಿ 2023ರಲ್ಲಿ ರಸ್ತೆಯಲ್ಲಿ ಸತ್ತವರು 1,72,890 ಜನ. ಅದರಲ್ಲಿ ಮೂರರಲ್ಲಿ ಎರಡು ಪಾಲು ಅತಿವೇಗದ ಲೆಕ್ಕಕ್ಕೆ ಹೋಗಿದೆ. ವೇಗ ಕಾರಣ ಅಲ್ಲ ಅಂತ ನಾನು ಹೇಳುತ್ತಿಲ್ಲ, ಖಂಡಿತ ಕಾರಣ. ಆದರೆ ಬೇರೆ ಬೇರೆ ಊರಿನ, ಬೇರೆ ಬೇರೆ ವಯಸ್ಸಿನ ಎಂಟು ಜನ ಅದೇ ಐವತ್ತು ಹೆಜ್ಜೆಯೊಳಗೆ ಬಿದ್ದರೆ, ಎಂಟೂ ಜನ ಅಲ್ಲಿಗೆ ಬಂದಾಗಲೇ ಅಜಾಗರೂಕರಾದರು ಅಂದರೆ ನಂಬಲಾಗುತ್ತಾ? ದೆವ್ವದ ಕಥೆ ಸತ್ತ ಹುಡುಗಿಯ ಮೇಲೆ ತಪ್ಪು ಹಾಕುತ್ತೆ. ಎಫ್‌ಐಆರ್ ಕಥೆ ಸತ್ತ ಡ್ರೈವರಿನ ಮೇಲೆ ಹಾಕುತ್ತೆ. ಇಬ್ಬರೂ ಎದ್ದು ಬಂದು ಉತ್ತರ ಕೊಡುವುದಿಲ್ಲ. ರಸ್ತೆಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ಆ ಹುಡುಗಿಯ ತಾಯಿಯ ವಿಷಯ ಓದಿ ನನಗೆ ಬಹಳ ನೋವಾಯಿತು. ಮಗಳನ್ನು ಕಳೆದುಕೊಂಡವರು ಈಗ ಆ ಮಗಳೇ ಊರಿನ ಮಕ್ಕಳನ್ನು ಕೊಲ್ಲುತ್ತಿದ್ದಾಳೆ ಅನ್ನುವ ಮಾತನ್ನು ಕೇಳಿಕೊಂಡು ಬದುಕಬೇಕು. ಇಷ್ಟು ವರ್ಷದ ಹಿಂದೆ ಅದೇ ತಿರುವಿನಲ್ಲಿ ಒಂದು ಹೆಣ್ಣುಮಗು ಬಸ್ಸಿಗೆ ಸಿಕ್ಕಿತು ಅನ್ನುವುದನ್ನು ನಾನು ಹೀಗೆ ಓದುತ್ತೇನೆ: ಆ ಜಾಗ ಆಗಲೇ ಕೆಟ್ಟದಿತ್ತು, ಆಕೆ ನಿಮಗೆ ಗೊತ್ತಿರುವ ಮೊದಲ ಸಾವು. ನಿಮ್ಮ ಮೈದುನನ ಮಗನ ಹಾಗೇ ಆಕೆಯೂ ಅಲ್ಲಿ ನೊಂದವಳು. ಅರ್ಜಿ ಬರೆಯುವಾಗ ಅವಳ ಹೆಸರನ್ನೂ ಸೇರಿಸಿ. ಅವರ ತಾಯಿಯ ಸಹಿಯನ್ನೂ ಕೇಳಿ.

ಈ ಕಥೆಯಿಂದ ಇನ್ನೊಂದು ಕೇಡೂ ಆಗುತ್ತೆ. ದೆವ್ವದ ಜಾಗ ಅಂತ ಹೆಸರಾದರೆ ರಾತ್ರಿ ಅಲ್ಲಿ ಬಿದ್ದವನ ಹತ್ತಿರ ಯಾರೂ ಗಾಡಿ ನಿಲ್ಲಿಸುವುದಿಲ್ಲ. ಜೀವ ಉಳಿಸಬಹುದಾದ ಮೊದಲ ಒಂದು ಗಂಟೆ ಹಾಗೇ ಕಳೆದುಹೋಗುತ್ತೆ. ಊರಿನ ಹುಡುಗರಿಗೆ ಇದನ್ನು ಹೇಳಿ. 108ಕ್ಕೋ 112ಕ್ಕೋ ಫೋನ್ ಮಾಡಿದವರನ್ನು, ಆಸ್ಪತ್ರೆಗೆ ಸೇರಿಸಿದವರನ್ನು ಸಾಕ್ಷಿಯಾಗು ಅಂತ ಬಲವಂತ ಮಾಡುವ ಹಾಗಿಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಂ ಅವರಿಗೆ ರಕ್ಷಣೆ ಕೊಡುತ್ತೆ. 2025ರ ಮೇ ತಿಂಗಳಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ಗಾಯಗೊಂಡವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದಿಲ್ಲದೆ ಚಿಕಿತ್ಸೆ ಸಿಗಬೇಕು.

ಹೋಮ ಮಾಡಿಸಬೇಕಾ? ಇದಕ್ಕೆ ಎರಡು ಭಾಗದ ಉತ್ತರ. ಸತ್ತವರ ಶಾಂತಿಗೆ, ಮನೆಯವರ ಮನಸ್ಸಿಗೆ ಪೂಜೆ ಬೇಕು ಅನ್ನಿಸಿದರೆ ಊರಿನ ದೇವಸ್ಥಾನದಲ್ಲಿ ಮಾಡಿಸಿ. ಹಗಲು ಹೊತ್ತು, ಕೈಲಾದಷ್ಟು ಖರ್ಚಿನಲ್ಲಿ. ಅದಕ್ಕೆ ನನ್ನ ಅಡ್ಡಿ ಇಲ್ಲ. ತಿರುವಿನಲ್ಲೇ, ಅಮಾವಾಸ್ಯೆ ರಾತ್ರಿ ಅನ್ನುವುದು ಮಾತ್ರ ಖಂಡಿತ ಬೇಡ. ಅದು ನಂಬಿಕೆಯ ಪ್ರಶ್ನೆ ಅಲ್ಲ. ಗಾಡಿಗಳು ತಪ್ಪಿ ಬೀಳುವ ಜಾಗದಲ್ಲಿ, ಕತ್ತಲಲ್ಲಿ, ಹೊಗೆ ಎದ್ದಿರುವಾಗ, ಅರ್ಧ ಊರನ್ನು ರಸ್ತೆ ಅಂಚಿನಲ್ಲಿ ಕೂರಿಸುವುದು ಅಂದರೆ ಒಂದೇ ರಾತ್ರಿಯಲ್ಲಿ ದೊಡ್ಡ ದುರಂತಕ್ಕೆ ದಾರಿ ಮಾಡಿಕೊಟ್ಟ ಹಾಗೆ. ಆಮೇಲೆ ಒಡೆದ ಬೂದುಗುಂಬಳ, ತೆಂಗಿನಕಾಯಿ ಚೂರು, ನಿಂಬೆಹಣ್ಣು ಡಾಂಬರಿನ ಮೇಲೆ ಉಳಿಯುತ್ತೆ. ಆಯುಧಪೂಜೆಯ ಮಾರನೇ ದಿನ ಕುಂಬಳಕಾಯಿಯ ತಿರುಳಿನ ಮೇಲೆ ಜಾರಿ ಬೀಳುವ ಬೈಕುಗಳನ್ನು ನೀವೂ ನೋಡಿರುತ್ತೀರಿ. ತಿರುವಿನಲ್ಲಿ ಅದು ಇನ್ನೂ ಕೆಟ್ಟದ್ದು. ಅಲ್ಲೊಂದು ಗುಡಿ ಕಟ್ಟೋಣ ಅನ್ನುವ ಮಾತು ಮುಂದೆ ಬಂದರೂ ಹೀಗೇ ಯೋಚಿಸಿ. ಗುಡಿ ಬಂದರೆ ಲಾರಿ, ಬಸ್ಸು, ಕಾರು ಕಾಸು ಹಾಕಲು ತಿರುವಿನಲ್ಲೇ ನಿಲ್ಲುತ್ತವೆ. ಹಿಂದಿನಿಂದ ಬರುವವನಿಗೆ ಅವು ಕಾಣುವುದಿಲ್ಲ.

‘ಮಾಡಿಸದಿದ್ದರೆ ಮುಂದಿನ ಬಲಿ ನಿಮ್ಮೂರಿನ ಗಂಡುಮಗ’ ಅಂತ ಹೇಳಿ ದುಡ್ಡು ಕೇಳುವುದು ಶಾಸ್ತ್ರವಲ್ಲ, ಹೆದರಿಸುವುದು. ಅಂಥವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ ಅಂತ ನೇರವಾಗಿ ಹೇಳುತ್ತೇನೆ.

ಹೋಮದ ಆಮೇಲೆ ಅಪಘಾತ ನಿಂತಿತು ಅನ್ನುವ ಊರುಗಳೂ ಇವೆ. ಅವರೂ ಸುಳ್ಳು ಹೇಳುತ್ತಿಲ್ಲ. ಚೌಕಾಬಾರ ಆಡಿದ್ದೀರಲ್ವಾ? ಒಮ್ಮೊಮ್ಮೆ ಬಾರ ಮೇಲೆ ಬಾರ ಬೀಳುತ್ತೆ, ಆಮೇಲೆ ಎಷ್ಟು ಹೊತ್ತಾದರೂ ಬೀಳುವುದೇ ಇಲ್ಲ. ಕವಡೆ ಬದಲಾಗಿರುವುದಿಲ್ಲ. ಅಪಘಾತವೂ ಹಾಗೆ ಗುಂಪಾಗಿ ಬಂದು, ಆಮೇಲೆ ಬಿಡುವು ಕೊಡುತ್ತೆ. ಊರು ಹೋಮ ಮಾಡಿಸುವುದು ಯಾವಾಗ? ಎರಡು ಮೂರು ಸಾವು ಒಟ್ಟೊಟ್ಟಿಗೆ ಆಗಿ ಜನ ಕಂಗೆಟ್ಟಾಗ. ಅದರ ಮುಂದೆ ಬರುವುದು ಹೇಗೂ ಬಿಡುವಿನ ತಿಂಗಳುಗಳೇ. ಹೋಮಕ್ಕೆ ಅದರ ಹೆಸರು ಬರುತ್ತೆ. ದೋಷ ಕಳೆಯಿತು ಅಂತ ಊರು ನಿಶ್ಚಿಂತೆಯಾಗುತ್ತೆ, ಅರ್ಜಿಯ ಮಾತು ಬಿದ್ದುಹೋಗುತ್ತೆ. ಡಾಂಬರಿನ ಅಂಚು ಮಾತ್ರ ಅಲ್ಲೇ ಇರುತ್ತೆ. ನನಗೆ ಹೋಮದ ಬಗ್ಗೆ ಇರುವ ನಿಜವಾದ ಹೆದರಿಕೆ ಇದು.

ಇನ್ನು ಮಗನ ದಾರಿ. ಕೆರೆ ಏರಿಯ ಸುತ್ತು ದಾರಿ ನನಗೆ ಒಪ್ಪಿಗೆ ಇಲ್ಲ. ಏರಿ ಕಿರಿದು, ಎರಡೂ ಕಡೆ ಇಳಿಜಾರು, ಬಹುಪಾಲು ಕಡೆ ತಡೆಗೋಡೆ ಇರುವುದಿಲ್ಲ. 2018ರ ನವೆಂಬರ್ 24ರಂದು ಮಂಡ್ಯ ಜಿಲ್ಲೆ ಪಾಂಡವಪುರ ತಾಲೂಕಿನ ಕನಗನಮರಡಿಯಲ್ಲಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಸತ್ತರು. ಅದು ಹಾಡುಹಗಲು. ನೀರಿನ ಪಕ್ಕದ ರಸ್ತೆಯಲ್ಲಿ ಒಂಟಿಯಾಗಿ ರಾತ್ರಿ ಬಿದ್ದವನನ್ನು ಬೆಳಗಾಗುವ ತನಕ ಯಾರೂ ನೋಡುವುದಿಲ್ಲ. ಎಂಟು ಗಂಟೆ ದುಡಿದು ದಣಿದವನಿಗೆ ಒಂಬತ್ತು ಕಿಲೋಮೀಟರ್ ಜಾಸ್ತಿ ಓಡಿಸುವುದೂ ಅಪಾಯವೇ. ಹೆದ್ದಾರಿಯಲ್ಲೇ ಬರಲಿ, ಆದರೆ ತಿರುವು ಗೊತ್ತಿದ್ದು ಬರಲಿ.

60ರ ವೇಗದಲ್ಲಿ ಏನೋ ಅಡ್ಡ ಬಂದರೆ ಕಂಡು, ಬ್ರೇಕ್ ಹಾಕಿ, ನಿಲ್ಲಲು 80 ಮೀಟರ್ ಬೇಕು ಅಂತ ನಮ್ಮ ರಸ್ತೆ ಲೆಕ್ಕ ಹೇಳುತ್ತೆ. ಬೈಕಿನ ಡಿಮ್ ಲೈಟಿನಲ್ಲಿ ಸರಿಯಾಗಿ ಕಾಣುವುದು ಹೆಚ್ಚೆಂದರೆ 40-50 ಮೀಟರ್. ಕಾಣುವುದರೊಳಗೆ ನಿಲ್ಲಿಸಬಹುದಾದ ವೇಗ ಅಂದರೆ 40ರ ಆಸುಪಾಸು. ಹಾಗಾಗಿ ತಿರುವಿಗೆ ಮೊದಲೇ, ನೇರ ರಸ್ತೆಯಲ್ಲೇ, 40ಕ್ಕೆ ಇಳಿಸಲಿ. ತಿರುವಿನ ಒಳಗೆ ಬ್ರೇಕ್ ಹಿಡಿಯುವುದು ಬೇಡ. ಎದುರಿನ ಗಾಡಿಯ ಹೈಬೀಮ್ ಕಣ್ಣಿಗೆ ಹೊಡೆದರೆ ರಸ್ತೆಯ ಎಡ ಅಂಚಿನ ಗೆರೆ ನೋಡಲಿ, ಆದರೆ ಅಂಚಿನ ಮೇಲೆ ಹೋಗದೆ ಎರಡು ಮೂರು ಅಡಿ ಒಳಗಿರಲಿ. ಚಕ್ರ ಕೆಳಗಿಳಿದೇ ಬಿಟ್ಟರೆ ಎಳೆಯಬಾರದು. ಆಕ್ಸಿಲರೇಟರ್ ಬಿಟ್ಟು, ಮಣ್ಣಿನಲ್ಲೇ ನಿಧಾನ ಮಾಡಿ, ನಿಂತು ಆಮೇಲೆ ಹತ್ತಲಿ. ಈ ಒಂದು ಮಾತನ್ನು ಅವನಿಗೆ ಓದಿ ಹೇಳಿ, ಉಳಿದದ್ದು ಮರೆತರೂ ಪರವಾಗಿಲ್ಲ.

ಹೆಲ್ಮೆಟ್ ಐಎಸ್‌ಐ ಗುರುತಿನದ್ದೇ ಆಗಿರಲಿ, ಪಟ್ಟಿ ಬಿಗಿದಿರಲಿ. ಸರಿಯಾಗಿ ಹಾಕಿದ ಹೆಲ್ಮೆಟ್ ಸಾವಿನ ಅಪಾಯವನ್ನು ನೂರಕ್ಕೆ ಸುಮಾರು 40ರಷ್ಟು, ತಲೆಪೆಟ್ಟಿನ ಅಪಾಯವನ್ನು 70ರಷ್ಟು ಇಳಿಸುತ್ತೆ. ಬೈಕಿನ ಹಿಂದೆ ಕೆಂಪು ರಿಫ್ಲೆಕ್ಟರ್ ಟೇಪ್ ಅಂಟಿಸಲಿ, ಖರ್ಚು ಬಹಳ ಕಡಿಮೆ. ಆ ಕಡೆಗೆ ಬರುವವರು ಇಬ್ಬರು ಮೂವರಿದ್ದರೆ ಒಟ್ಟಿಗೆ ಹೊರಡಲಿ. ಕಣ್ಣು ಎಳೆಯುತ್ತಿದ್ದರೆ ಫ್ಯಾಕ್ಟರಿಯಲ್ಲೇ ಇಪ್ಪತ್ತು ನಿಮಿಷ ಮಲಗಿ ಹೊರಡಲಿ. ಹೊರಡುವಾಗ ನಿಮಗೊಂದು ಮೆಸೇಜ್ ಹಾಕಲಿ. ಆದರೆ ದಾರಿಯಲ್ಲಿ ಇರುವಾಗ ಎಲ್ಲಿದ್ದೀಯ ಅಂತ ನೀವು ಫೋನ್ ಮಾಡಬೇಡಿ. ಅಮ್ಮನ ಫೋನ್ ಅಂತ ಒಂದು ಕೈಯಲ್ಲಿ ಎತ್ತುವ ಮಕ್ಕಳೇ ಜಾಸ್ತಿ.

ಇದು ಒಬ್ಬನ ಮಾತಾಯಿತು. ತಿರುವು ಸರಿ ಆಗಬೇಕಾದರೆ ಊರು ಅರ್ಜಿ ಕೊಡಬೇಕು. ಮೊದಲು ಹಗಲು ಹೊತ್ತು ನಾಲ್ಕು ಜನ ಅಲ್ಲಿಗೆ ಹೋಗಿ. ಇಬ್ಬರು ಎರಡು ಕಡೆ ನಿಂತು ಬರುವ ಗಾಡಿಗಳ ಮೇಲೆ ಕಣ್ಣಿಡಲಿ, ಉಳಿದವರು ನೋಡಿ ಫೋಟೊ ತೆಗೆಯಲಿ. ಡಾಂಬರಿನ ಅಂಚಿನ ಪಕ್ಕ ಒಂದು ಸ್ಕೇಲ್ ಇಟ್ಟು ಫೋಟೊ. ಹುಣಸೇಮರದ ತೊಗಟೆ ಯಾವ ಎತ್ತರದಲ್ಲಿ ಕಿತ್ತಿದೆ, ಅದರ ಫೋಟೊ. ಗಾಜಿನ ಪುಡಿ ಯಾವ ಬದಿಗೆ ಬಿದ್ದಿದೆ ನೋಡಿ, ಗಾಡಿಗಳು ಎಲ್ಲಿ ಹೊರಗೆ ಜಾರುತ್ತಿವೆ ಅಂತ ಅದೇ ಹೇಳುತ್ತೆ. ತಿರುವಿನ ಫಲಕ ಇದೆಯಾ? ಇದ್ದರೆ ಲಂಟಾನ ಪೊದೆಯೋ ಹುಟ್ಟುಹಬ್ಬದ ಫ್ಲೆಕ್ಸೋ ಮುಚ್ಚಿದೆಯಾ? ಪಕ್ಕದ ಹೊಲದ ದಾರಿಯಿಂದ ಟ್ರ್ಯಾಕ್ಟರ್ ಚಕ್ರದ ಮಣ್ಣು, ಜಲ್ಲಿ ರಸ್ತೆಗೆ ಬರುತ್ತಿದೆಯಾ? ಬಸ್ ಸ್ಟಾಪ್ ತಿರುವಿನ ಒಳಗೇ ಇದೆಯಾ? ಆ ಹುಡುಗಿ ಬಸ್ಸಿಗೆ ಸಿಕ್ಕಿದಳು ಅಂದಾಗ ನನಗೆ ಮೊದಲು ಬಂದ ಯೋಚನೆ ಇದು.

ರಸ್ತೆ ಯಾರದ್ದು ಅಂತ ಮೈಲಿಗಲ್ಲು ಹೇಳುತ್ತೆ. ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ. ನಿಮ್ಮದು ಹಸಿರು, ಅಂದರೆ ಲೋಕೋಪಯೋಗಿ ಇಲಾಖೆ. ಆಮೇಲೆ ಪೊಲೀಸ್ ಇಲಾಖೆಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ, 10 ರೂಪಾಯಿ ಶುಲ್ಕ. ಆ ತಿರುವಿನಲ್ಲಿ ಮೂರು ವರ್ಷದಲ್ಲಿ ದಾಖಲಾದ ಅಪಘಾತಗಳ ದಿನಾಂಕ, ಸಮಯ, ಸತ್ತವರ ಮತ್ತು ಗಾಯಗೊಂಡವರ ಸಂಖ್ಯೆ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಅಲ್ಲಿ ಎಂಟರ ಬದಲು ಐದೋ ಆರೋ ಇದ್ದರೆ ಆಶ್ಚರ್ಯ ಬೇಡ. ಲೈಸೆನ್ಸ್ ಇರಲಿಲ್ಲ, ಕುಡಿದಿದ್ದ ಅಂತ ಮನೆಯವರೇ ಕೇಸು ಬೇಡ ಅಂದ ಅಪಘಾತಗಳು ಲೆಕ್ಕಕ್ಕೆ ಬಂದಿರುವುದಿಲ್ಲ.

ಈ ಸಂಖ್ಯೆಗೆ ಬೆಲೆ ಇದೆ. ಸುಮಾರು 500 ಮೀಟರ್ ರಸ್ತೆಯಲ್ಲಿ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತ, ಇಲ್ಲವೇ ಹತ್ತು ಸಾವು ಆಗಿದ್ದರೆ ಅದನ್ನು ‘ಬ್ಲಾಕ್ ಸ್ಪಾಟ್’ ಅನ್ನುತ್ತಾರೆ. ಇದು ರಾಷ್ಟ್ರೀಯ ಹೆದ್ದಾರಿಗೆ ಅಂತ ಕೇಂದ್ರ ಮಾಡಿದ ಅಳತೆ, ನೀವೂ ಅದನ್ನೇ ಹಿಡಿದು ಮಾತಾಡಬಹುದು. ಅರ್ಜಿಯನ್ನು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಕೊಡಿ, ಪ್ರತಿಯನ್ನು ಲೋಕೋಪಯೋಗಿ ಇಲಾಖೆಯ ಕಾರ್ಯಪಾಲಕ ಇಂಜಿನಿಯರ್‌ಗೆ, ಎಸ್‌ಪಿಗೆ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದು ಮರೆಯಬೇಡಿ. ರಸ್ತೆಯ ವಿನ್ಯಾಸ, ನಿರ್ವಹಣೆಯ ಲೋಪದಿಂದ ಸಾವು ಆದರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿ ತನಕ ದಂಡ ಹಾಕಲು ಮೋಟಾರು ವಾಹನ ಕಾಯ್ದೆಯಲ್ಲಿ 198ಎ ಕಲಂ ಇದೆ. ಅರ್ಜಿಯಲ್ಲಿ ಅದನ್ನು ಒಂದು ಸಾಲು ಬರೆದರೆ ಓದುವವರು ಗಮನ ಕೊಟ್ಟು ಓದುತ್ತಾರೆ.

ಏನು ಕೇಳಬೇಕು? ಅಂಚಿಗೆ ಗಟ್ಟಿ ಮಣ್ಣು ತುಂಬಿ ಮಟ್ಟ ಮಾಡಿಸುವುದು ಮೊದಲು. ತಿರುವಿನ ಹೊರಬದಿಗೆ ಹೊಳೆಯುವ ಬಾಣದ ಫಲಕಗಳು, ರಸ್ತೆ ಅಂಚಿಗೆ ಬಿಳಿ ಗೆರೆ, ಕ್ಯಾಟ್ ಐ ಅನ್ನುವ, ಬೆಳಕು ಬಿದ್ದರೆ ಹೊಳೆಯುವ ಗುಬುಟುಗಳು, ತಿರುವಿಗೆ ಮೊದಲೇ ಗಡಗಡ ಅನ್ನುವ ಪಟ್ಟಿಗಳು. ಇವೆಲ್ಲ ಕೆಲವೇ ದಿನದ ಕೆಲಸ. ಓರೆ ಸರಿಪಡಿಸುವುದು ಮುಂದಿನ ಡಾಂಬರಿನ ಹೊತ್ತಿಗೆ ಆಗಬೇಕು, ಅದನ್ನು ಈಗಲೇ ಬರೆದು ಕೊಡಿ. ಬಸ್ ಸ್ಟಾಪ್ ತಿರುವಿನಲ್ಲಿದ್ದರೆ ಆಚೆಗೆ ಸರಿಸಲು ಕೇಳಿ.

ಕೇಳಬಾರದ್ದೂ ಇವೆ. ಹಂಪ್ ಬೇಡ. ಕೋಪದಲ್ಲಿ ಊರವರೇ ರಾತ್ರೋರಾತ್ರಿ ಹಾಕುವ ಹಂಪ್ ಅಂತೂ ಬೇಡವೇ ಬೇಡ. ನಿಯಮದ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಅದೂ ಸಣ್ಣ ರಸ್ತೆಗಳಿಗೆ. ಬಣ್ಣ ಇಲ್ಲದ ಗುಡ್ಡೆಗೆ ರಾತ್ರಿ ಹಾರಿ ಬೀಳುವುದು ಬೈಕಿನವರೇ. ಮರ ಕಡಿಯಿರಿ ಅನ್ನಬೇಡಿ. ಮರ ಹೋಗಿ ತಿರುವು ಹಾಗೇ ಉಳಿದರೆ ಗಾಡಿಗಳು ಮರದ ಬದಲು ಹಳ್ಳಕ್ಕೆ ಬೀಳುತ್ತವೆ. ಮರಕ್ಕೆ ರಿಫ್ಲೆಕ್ಟರ್, ಅದರ ಮುಂದೆ ಲೋಹದ ತಡೆಬೇಲಿ ಕೇಳಿ. ಬೇಲಿಯ ತುದಿಯನ್ನು ನೆಲಕ್ಕೆ ಬಾಗಿಸಿ ಹುಗಿಯಬೇಕು, ಚಾಚಿ ಬಿಟ್ಟ ತುದಿ ಕಾರಿನ ಒಳಕ್ಕೆ ನುಗ್ಗುತ್ತೆ. ರಸ್ತೆ ಅಗಲ ಮಾಡಿ ಅಂತ ಮಾತ್ರ ಕೇಳಿ ಸುಮ್ಮನಾಗಬೇಡಿ. ಅಗಲ ಆದರೆ ವೇಗವೂ ಏರುತ್ತೆ, ಓರೆ ಮತ್ತು ಫಲಕ ಇಲ್ಲದ ಅಗಲ ಇನ್ನೂ ಅಪಾಯ.

ಇದರಿಂದ ಏನಾದರೂ ಆಗುತ್ತಾ ಅಂತ ನಿಮ್ಮೂರಿನವರು ಕೇಳಬಹುದು. ಬೆಂಗಳೂರು-ಮೈಸೂರು ಹೆದ್ದಾರಿಯ ಉದಾಹರಣೆ ಕೊಡಿ. 2023ರ ಮಾರ್ಚಿನಲ್ಲಿ ಉದ್ಘಾಟನೆ ಆದಾಗ ಅಲ್ಲಿ ಸಾವಿನ ಮೇಲೆ ಸಾವು. ಆ ವರ್ಷ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಸರ್ವಿಸ್ ರಸ್ತೆಗೆ ಕಳಿಸಿದರು. 100ರ ಮಿತಿ ದಾಟಿದವರನ್ನು ಹಿಡಿದರು, ಕ್ಯಾಮೆರಾ ಹಾಕಿದರು. ಸಾವು ಇಳಿಯಿತು. ಅದೇ ರಸ್ತೆ, ಅದೇ ಜನ.

ಅರ್ಜಿ ಕೊಟ್ಟು ಎರಡು ತಿಂಗಳಾದರೂ ಯಾರೂ ಬಂದು ನೋಡದಿದ್ದರೆ ಸ್ವೀಕೃತಿಯ ಪ್ರತಿ, ಸ್ಕೇಲ್ ಇಟ್ಟ ಫೋಟೊ, ಮಳೆನೀರು ಹರಿದ ದಿಕ್ಕಿನ ಫೋಟೊ ನನಗೆ ಕಳಿಸಿ. ಮುಂದಿನ ಪತ್ರದಲ್ಲಿ ಯಾವ ಅಳತೆ, ಯಾವ ನಿಯಮ ಬರೆಯಬೇಕು ಅಂತ ನಾನೇ ಬರೆದು ಕೊಡುತ್ತೇನೆ.